ನೀವು ತೆಗೆಯದೆ ಬಿಟ್ಟ ಹೆಸರು

ಅಪ್ಪಾ,

ನನ್ನ ತಮ್ಮ ಸಮುವೇಲನನ್ನು ಮಣ್ಣು ಮಾಡಿ ಬಂದ ಸಂಜೆಯೂ ಬೈಲಹೊಂಗಲದ ಮನೆಯಲ್ಲಿ ನೀವು ಎಂದಿನಂತೆ ಪ್ರಾರ್ಥನೆಗೆ ಚಾಪೆ ಹಾಸಿದಿರಿ. ಅವನ ಕಾಮಾಲೆ ಇಳಿಯಲಿ ಎಂದು ಚರ್ಚಿನ ಇಡೀ ಸಭೆ ಮೂರು ದಿನ ಉಪವಾಸವಿತ್ತು. ನಾನೂ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಅವನು ಉಳಿಯಲಿಲ್ಲ. ಊಟಕ್ಕೆ ಮೊದಲು ಮನೆಯವರ ಹೆಸರನ್ನು ಒಂದೊಂದಾಗಿ ದೇವರ ಮುಂದೆ ಹೇಳುವುದು ನಿಮ್ಮ ರೂಢಿ. ಅವ್ವನದು, ನಿಮ್ಮ ತಂಗಿ ಅತ್ತೆಯದು ಮುಗಿದು ನನ್ನ ಸರದಿ ಬಂದಾಗ ನಾನು ಎದ್ದುಬಿಟ್ಟೆ.

"ಇನ್ನ ಮ್ಯಾಲೆ ಆತನ ಮುಂದ ನನ್ನ ಹೆಸರ ತಗೀಬ್ಯಾಡ್ರಿ. ನನಗೂ ಆತಗೂ ಮುಗೀತು."

ನೀವು ಕಣ್ಣು ತೆರೆಯಲಿಲ್ಲ. "ಆತು ಬಿಡವಾ, ತಗಿಯಂಗಿಲ್ಲ," ಎಂದಿರಿ. ಬೈದಿದ್ದರೆ... ಹಾಗನ್ನಬೇಡ ಎಂದು ಒಂದು ಮಾತು ಆಡಿದ್ದರೂ...

ಆಮೇಲೆ ನಾನು ಸವದತ್ತಿಯ ಶಾಲೆಯಲ್ಲಿ ಗಣಿತ ಕಲಿಸುತ್ತ, ಭಾನುವಾರಗಳನ್ನು ಬಟ್ಟೆ ಒಗೆದು ಕಳೆದೆ. ಹಬ್ಬಕ್ಕೆ ಬಂದರೂ ಪ್ರಾರ್ಥನೆಯ ಹೊತ್ತಿಗೆ ಹೊರಗೆ ಹೋಗುತ್ತಿದ್ದೆ. ಇಷ್ಟು ಸುಲಭವಾಗಿ ನನ್ನನ್ನು ಬಿಟ್ಟುಕೊಟ್ಟಿರಲ್ಲ ಎಂಬ ಸಿಟ್ಟು ದೇವರ ಮೇಲಿನ ಸಿಟ್ಟಿಗಿಂತ ದೊಡ್ಡದಿತ್ತೆ? ಎರಡು ವರ್ಷದ ಹಿಂದೆ ನಿಮ್ಮನ್ನು ಹೂಳುವಾಗಲೂ ನಾನು ತಲೆ ಬಾಗಿಸಲಿಲ್ಲ.

ಕಳೆದ ತಿಂಗಳು ಅವ್ವ ಬಿದ್ದು ಕಾಲು ಮುರಿದುಕೊಂಡಳೆಂದು ರಜೆ ಹಾಕಿ ಊರಿಗೆ ಬಂದೆ. ಅವಳನ್ನು ಬಿಟ್ಟು ಏಳಲಾಗದೆ ಸಂಜೆ ಪ್ರಾರ್ಥನೆಯ ಹೊತ್ತಿನಲ್ಲೂ ಪಕ್ಕದಲ್ಲೇ ಕುಳಿತಿದ್ದೆ. ಅತ್ತೆಯ ಹೆಸರು ಹೇಳಿ ಅವ್ವ ಸುಮ್ಮನಾದಳು. ಬಹಳ ಹೊತ್ತು.

"ಯಾಕಬೇ, ಮರತೇನು?"

"ನಿಮ್ಮಪ್ಪ ದಿನಾ ನಿನ್ನ ಹೆಸರ ಬರೂ ಹೊತ್ತಿಗೆ ಹಿಂಗ ಸುಮ್ಮನ ನಿಲ್ತಿದ್ರು. ಹೆಸರ ತಗಿಯಂಗಿಲ್ಲಂತ ನಿನಗ ಮಾತ ಕೊಟ್ಟಿದ್ರಲ್ಲ."

ಅತ್ತೆ ಅಡುಗೆಮನೆಯಿಂದಲೇ ಹೇಳಿದಳು: "ಎಷ್ಟೊತ್ತು ಅಂತಿ, ಸಾರು ಆರಿ ತಣ್ಣಗಾಗತಿತ್ತು. ನಾ ಒಂದಿನ ಬೇಕಂತ ಕೆಮ್ಮಿದೆ. 'ಹಸಿವಾದ್ರ ನೀ ಉಣ್ಣು, ನಂದಿನ್ನೂ ಮುಗದಿಲ್ಲ' ಅಂದ ಅಣ್ಣ."

ನೀವು ಹೋಗುವ ತನಕ ಒಂಬತ್ತು ವರ್ಷ, ಅಪ್ಪಾ. ನನಗೆ ಒಮ್ಮೆಯಾದರೂ ಹೇಳಬಾರದಿತ್ತೆ?

ಅಂದಿನಿಂದ ನಾನೂ ಕೂರುತ್ತೇನೆ. "ಕರ್ತನೇ" ಎನ್ನುತ್ತೇನೆ, ಅಷ್ಟಕ್ಕೇ ಬಿಟ್ಟು ಚಾಪೆ ಸುತ್ತಿಡುತ್ತೇನೆ. ಮುಗಿಯಿತು ಎಂದು ನಾನಂದದ್ದನ್ನು ಆತನೂ ಒಪ್ಪಿಕೊಂಡುಬಿಟ್ಟಿದ್ದರೆ? ಸವದತ್ತಿಗೆ ಮರಳಿ ಕರಿಹಲಗೆಯ ಮುಂದೆ ನಿಂತಾಗಲೂ ಇದೇ ಭಯ. ಮಕ್ಕಳು "ಟೀಚರ್" ಎಂದು ಎರಡು ಸಲ ಕೂಗಬೇಕಾಗುತ್ತದೆ.

ನಿನ್ನೆ ಬೈಲಹೊಂಗಲದ ನಮ್ಮ ಸಭೆಯಲ್ಲಿ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನವಿತ್ತು. ಸಭೆ ಬಿಟ್ಟುಹೋದವರು ಎಲ್ಲರೆದುರು ಎದ್ದು ಮರಳಿ ಬಂದೆನೆಂದು ಹೇಳಿದ ಮೇಲೆಯೇ ರೊಟ್ಟಿ ಮುಟ್ಟಬೇಕೆಂಬ ಹಳೆಯ ಕಟ್ಟಳೆ ನಿಮಗೆ ಗೊತ್ತೇ ಇದೆ. ಹೊಸ ಪಾಸ್ಟರು ನನಗಿಂತ ಚಿಕ್ಕವರು. "ಈಗ ಅದನ್ನೆಲ್ಲಾ ಯಾರೂ ಕೇಳಂಗಿಲ್ಲ ಅಕ್ಕಾರ, ಸುಮ್ನ ಹಿಂದ ಕುಂಡ್ರಿ," ಎಂದರು. ನನಗೆ ಅದು ಸಾಲಲಿಲ್ಲ. ಎಲ್ಲರ ಕಣ್ಣೆದುರೇ ಬಿಟ್ಟುಹೋದವಳು ಹಿಂದಿನ ಸಾಲಿನಲ್ಲಿ ಕದ್ದು ಕೂತರೆ ಬಂದಂತೆ ಹೇಗಾಗುತ್ತದೆ?

ಎದ್ದು ನಿಂತೆ. ಬರೆದು ತಂದ ಚೀಟಿಯ ಒಂದಕ್ಷರವೂ ಕಾಣಲಿಲ್ಲ.

"ತಮ್ಮನ್ನ ಯಾಕ ಕರಕೊಂಡಿ ಅನ್ನೂದು ಇನ್ನೂ ತಿಳಿದಿಲ್ಲ. ಸಿಟ್ಟೂ ಹೋಗಿಲ್ಲ. ಆದ್ರ ನೀ ಇಲ್ದ ನನ್ನ ಕೈಲೆ ಆಗವಲ್ದು."

ಸಭೆಗೆ ಹೇಳಬೇಕೆಂದು ಎದ್ದವಳು ಆತನಿಗೇ ಹೇಳುತ್ತಿದ್ದೆ. ಪಕ್ಕದ ಮುದುಕಿ ಸೆರಗು ಹಿಡಿದು ಎಳೆದಳು: "ಕುಂಡ್ರವಾ, ರೊಟ್ಟಿ ಬಂತು."

ತೆಗೆದುಕೊಂಡೆ, ಅಪ್ಪಾ. ಕೈ ಜಾರಿ ಅರ್ಧ ಚೂರು ನೆಲಕ್ಕೆ ಬಿತ್ತು. ಹೆಕ್ಕಿ ಅದನ್ನೂ ತಿಂದೆ.