ಬಿಸಿಲಿಗೆ ನಿಲ್ಲದ ಕೆಂಪು

23 ಫೆಬ್ರವರಿ 2025, ಭಾನುವಾರ

ಎಡಗಡೆ ಸೀಟಿನ ಅಂಚಿನ ಪೈಪಿಂಗ್ ಮತ್ತೆ ಸೊಟ್ಟ. ಬಿಚ್ಚಿದೆ. ಮೂರನೇ ಸಲ. ಚರ್ಮದಲ್ಲಿ ಒಮ್ಮೆ ಸೂಜಿ ಇಳಿದರೆ ತೂತು ತೂತೇ, ಬಟ್ಟೆಯ ಥರ ಮುಚ್ಚಿಕೊಳ್ಳುವುದಿಲ್ಲ. ಹಳೇ ತೂತಿನಲ್ಲೇ ಸೂಜಿ ಇಳಿಸಿ ಕೈಯಲ್ಲಿ ಹೊಲಿದೆ. ಬಿಡದಿ ಕಡೆ ಫ್ಯಾಕ್ಟರಿಯಲ್ಲಿ ಹದಿನೇಳು ವರ್ಷ ಸೀಟು ಹೊಲಿದವನು... ಅಲ್ಲಿ ದಿನಕ್ಕೆ ಎಷ್ಟೋ ಸೀಟು, ಇಲ್ಲಿ ಎರಡು ಸೀಟಿಗೆ ಎರಡು ತಿಂಗಳು ದಾಟಿತು.

ಅಶೋಕ್ ಸರ್ ಕಾರು ನಮ್ಮ ರೇಷ್ಮೆ ಹುಳುಮನೆಯಲ್ಲಿ ನಿಂತು ಇವತ್ತಿಗೆ ಎಪ್ಪತ್ತು ದಿನ. ಅರವತ್ತನಾಲ್ಕನೇ ಇಸವಿಯ ಎಂಜಿ. ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಮೇಲೆ ಟಾಪ್ ಇಲ್ಲ. ಬೆಂಗಳೂರಿನಿಂದ ಲಾರಿ ಮೇಲೆ ಹೊಂಗನೂರಿಗೆ ಬಂದ ದಿನ ಅರ್ಧ ಊರು ನೋಡಲು ಬಂದಿತ್ತು. ಒಳಗೆ ಇಲಿ ಗೂಡು ಕಟ್ಟಿತ್ತು. ಹೆಂಡತಿ ರಮ್ಯಾಗೆ ಮಾತ್ರ ಆ ಕಾರಿನ ಮೇಲೆ ಸಿಟ್ಟು. ಅಂಟಿನ ವಾಸನೆ ಹೋಗುವ ತನಕ ಹುಳು ತರುವ ಹಾಗಿಲ್ಲ, ಎರಡು ಬೆಳೆ ತಪ್ಪಿತು ಎನ್ನುತ್ತಾಳೆ. ಹಿಪ್ಪುನೇರಳೆ ತೋಟದ ಕಡೆ ನೋಡಿಕೊಂಡು ಹೇಳುತ್ತಾಳೆ, ಗಂಡನ ಕಡೆ ಅಲ್ಲ.

27 ಫೆಬ್ರವರಿ, ಗುರುವಾರ

ಗೇರ್ ಲಿವರ್ ಮೇಲಿನ ಗುಂಡು ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ನಾಲ್ಕು ಗುಬುಟೂ ಇಲ್ಲ. ಚನ್ನಪಟ್ಟಣಕ್ಕೆ ಹೋಗಿ ನೂರ್ಜಹಾನ್ ಅಕ್ಕನಿಗೆ ಅಳತೆ ಕೊಟ್ಟೆ. ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಗೊಂಬೆ ಕಡೆಯುವವರು. ಗಂಡ ಹೋದ ಮೇಲೆ ಅವನ ಲೇತ್ ಮುಂದೆ ತಾವೇ ಕೂತವರು. ಫ್ಯಾಕ್ಟರಿ ಬಿಟ್ಟು ಮನೆಯಲ್ಲಿ ಸೀಟಿನ ಕೆಲಸ ಶುರು ಮಾಡಿದಾಗ ನನಗೆ ಮೊದಲ ಆರ್ಡರ್ ಕೊಟ್ಟಿದ್ದೂ ಅವರೇ. ಅವರು ಕೂರುವ ಮಣೆಗೆ ಒಂದು ಮೆತ್ತೆ. ಆವತ್ತಿನಿಂದ ಅಕ್ಕ. ಹತ್ತು ವರ್ಷವಾಯಿತು.

ಮರದ ಕೆಲಸಕ್ಕೆ ಒಪ್ಪಿದರು. ಮೇಲೆ ಅರಗಿನ ಕೆಂಪು ಬಣ್ಣ ಬೇಕು, ಗೊಂಬೆಗೆ ಇರುತ್ತಲ್ಲ ಆ ಹೊಳಪು ಅಂದೆ. ಆಗ ತಲೆ ಆಡಿಸಿದರು.

"ಅರಗು ಬಿಸಿಗೇ ಮರಕ್ಕೆ ಹತ್ತೋದು ಕಣಪ್ಪ. ಬಿಸಿಗೇ ಬುಟ್ಟೂ ಬುಡ್ತದೆ. ಬಿಸ್ಲಲ್ಲಿ ನಿಲ್ಲೋ ಕಾರಿಗೆ ಬ್ಯಾಡ."

ಬೇರೆ ಪಾಲಿಶ್ ಹೊಡೆಸು ಅಂದರು. ಎದ್ದು ಬಂದೆ. ಅಶೋಕ್ ಸರ್‌ಗೆ ಆಗಲೇ ಮಾತು ಕೊಟ್ಟಾಗಿದೆ. ಅರಗಿನ ಗೊಂಬೆಯ ಫೋಟೋ ಕಳಿಸಿ ಆಸೆ ಹುಟ್ಟಿಸಿದ್ದೇ ನಾನು. ಈಗ ಆಗುವುದಿಲ್ಲ ಅನ್ನಲು ಯಾವ ಮುಖ?

5 ಮಾರ್ಚ್, ಬುಧವಾರ

ಮತ್ತೆ ಹೋದೆ. ರಂಜಾನ್ ಶುರುವಾಗಿದೆ. ಅಕ್ಕ ಉಪವಾಸ, ಒಂದು ಗುಟುಕು ನೀರೂ ಇಲ್ಲ. ಹಾಗೇ ಲೇತ್ ಮುಂದೆ ಕೂತಿದ್ದರು.

ಸುಳ್ಳು ಹೇಳಿದೆ. ಇದು ಓಡಿಸೋ ಕಾರಲ್ಲ, ಶೋಕಿಗೆ ಇಟ್ಟುಕೊಂಡಿರೋದು, ಯಾವಾಗಲೂ ಶೆಡ್ಡಿನಲ್ಲೇ ಇರುತ್ತೆ ಅಂದೆ. ಏಪ್ರಿಲ್‌ನಲ್ಲಿ ಹಳೇ ಕಾರುಗಳ ರ‍್ಯಾಲಿ ಇದೆ, ಅಶೋಕ್ ಸರ್ ಅದಕ್ಕಾಗಿಯೇ ಅವಸರ ಮಾಡುತ್ತಿದ್ದಾರೆ. ಎಲ್ಲ ಗೊತ್ತಿತ್ತು.

ಅಕ್ಕ ನನ್ನ ಮುಖ ನೋಡಿದರು. "ನೆಳ್ಳಲ್ಲೇ ಇರ್ತದಾ? ನೀನು ಹೇಳ್ದೆ ಅಂದ್ರೆ ಸರಿ."

ಅಷ್ಟೇ. ಗೊಂಬೆಗೆ ಬಳಸುವ ಆಲೆ ಮರದ ತುಂಡು ಲೇತಿಗೆ ಹಾಕಿದರು. ಕಡೆದರು. ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರವೆಲ್ಲ ಕೆಂಪಾಯಿತು. ಆಮೇಲೆ ತಾಳೆಗರಿ ಒತ್ತಿ ಹಿಡಿದರು, ಹೊಳಪು ಬಂತು. ನೋಡುತ್ತಾ ನೋಡುತ್ತಾ ಹೇಳಿದ ಸುಳ್ಳೇ ಮರೆತುಹೋಯಿತು. ಗುಂಡನ್ನು ಅಂಗೈಯಲ್ಲಿ ಹಿಡಿದು, ಗಾಳಿಯಲ್ಲೇ ಗೇರ್ ಹಾಕಿ ನಕ್ಕರು. ಮೂವತ್ತು ವರ್ಷ ಕಡೆದಿದ್ದೆಲ್ಲ ಮಕ್ಕಳ ಕೈಗೆ ಹೋಯಿತು, ಇದೊಂದು ದೊಡ್ಡವರ ಕೈಗೆ ಹೋಗಲಿ ಅಂದರು.

22 ಮಾರ್ಚ್, ಶನಿವಾರ

ಕಾರು ಒಪ್ಪಿಸಿದೆ. ಅಶೋಕ್ ಸರ್ ಒಳಗೆ ಕೂತು ಕೆನೆ ಬಣ್ಣದ ಸೀಟನ್ನು ಸವರಿದರು, ಕೆಂಪು ಪೈಪಿಂಗ್ ಮೇಲೆ ಬೆರಳು ಓಡಿಸಿದರು. ಆಮೇಲೆ ಗೇರ್ ಗುಂಡು ಹಿಡಿದವರು ಐದು ನಿಮಿಷ ಕೈ ಬಿಡಲಿಲ್ಲ. ಇದನ್ನು ಮಾಡಿದ್ದು ಯಾರು ಅಂತ ಕೇಳಿದರು. ನಮ್ಮ ಕಡೆಯವರೇ ಸಾರ್ ಅಂದೆ. ಹೆಸರು ಹೇಳಲಿಲ್ಲ. ಯಾಕೆ? ಹೊಗಳಿಕೆಯಲ್ಲಿ ಪಾಲು ಕೊಡಲು ಮನಸ್ಸಾಗಲಿಲ್ಲ. ಸಣ್ಣ ಬುದ್ಧಿ.

ಅವರು ಬೆಂಗಳೂರಿನ ಒಂದು ಶಾಲೆಯ ಕಮಿಟಿಯಲ್ಲಿದ್ದಾರಂತೆ. ಮಕ್ಕಳಿಗೆ ಮರ ಕಡೆಯುವುದನ್ನು ಕಲಿಸಲು ವಾರಕ್ಕೆ ಎರಡು ದಿನ ಒಬ್ಬರು ಬೇಕಂತೆ. ಇದನ್ನು ಮಾಡಿದವರನ್ನೇ ಕರೆತನ್ನಿ, ಜೂನ್‌ನಿಂದ ಶುರು ಮಾಡೋಣ ಅಂದರು.

31 ಮಾರ್ಚ್, ಸೋಮವಾರ

ನಿನ್ನೆ ಯುಗಾದಿ. ಇವತ್ತು ಹೊಸತೊಡಕು, ರಂಜಾನ್ ಹಬ್ಬ ಎರಡೂ ಒಂದೇ ದಿನ. ನಮ್ಮನೆಯಲ್ಲಿ ಬಾಡೂಟ. ಅಕ್ಕ ತಾವೇ ಬಸ್ಸು ಹತ್ತಿ ಶಾವಿಗೆ ಪಾಯಸ ತಂದುಕೊಟ್ಟರು. ಶಾಲೆಯ ವಿಷಯ ಹೇಳಿದೆ. ಮೊದಲು ನಂಬಲಿಲ್ಲ. ತಾನು ಓದಿದ್ದು ಮೂರನೇ ಕ್ಲಾಸು, ಮಕ್ಕಳು ನಗುವುದಿಲ್ಲವಾ ಅಂದರು. ಆಮೇಲೆ ಶುರುವಾಯಿತು... ಯಾವ ಬಸ್ಸು, ಎಷ್ಟು ಹೊತ್ತಿಗೆ ಇರಬೇಕು, ಮಕ್ಕಳ ಕೈಗೆ ಸಣ್ಣ ಉಳಿ ಮಾಡಿಸಬೇಕಲ್ಲ. ಇನ್ನು ಮೇಲೆ ನಿಮ್ಮನ್ನು ಮೇಡಂ ಅನ್ನಬೇಕು ಅಂತ ರಮ್ಯಾ ರೇಗಿಸಿದಳು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅಷ್ಟು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ.

6 ಏಪ್ರಿಲ್, ಭಾನುವಾರ, ಸಂಜೆ 5

ಅಶೋಕ್ ಸರ್ ಫೋನ್. ರ‍್ಯಾಲಿ ಮುಗಿಸಿ ಮಾಡಿದ್ದು. ಹತ್ತರಿಂದ ಎರಡರ ತನಕ ಕಾರು ಮೈದಾನದ ಬಿಸಿಲಲ್ಲಿ ನಿಂತಿತ್ತಂತೆ. ಹೊರಡುವಾಗ ಗೇರ್ ಹಿಡಿದರೆ ಗುಂಡು ಬೆಲ್ಲದ ಥರ ಅಂಟಿತಂತೆ. ಗೊತ್ತಾಗದೆ ಅದೇ ಕೈಯನ್ನು ಪಕ್ಕದ ಸೀಟಿನ ಮೇಲೆ ಊರಿದ್ದಾರೆ. ಕೆನೆ ಬಣ್ಣದ ಚರ್ಮದ ಮೇಲೆ ಐದು ಕೆಂಪು ಬೆರಳು. ಫೋಟೋ ಕಳಿಸಿದರು.

ಕೂಗಾಡಲಿಲ್ಲ. ಮೆಲ್ಲಗೆ ಕೇಳಿದರು, ಇದನ್ನ ಮಾಡಿದ್ದು ಯಾರು ಮನೋಹರ್ ಅಂತ.

ನನ್ನ ಬಾಯಿಂದ ಬಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಯಾರೋ ಚನ್ನಪಟ್ಟಣದ ಹೆಂಗ್ಸು ಸಾರ್. ಬಿಸ್ಲಿಗೆ ನಿಲ್ತದೆ ಅಂತ ಅವಳೇ ಹೇಳಿದ್ಲು."

ಯಾರೋ. ಅವಳು. ಹತ್ತು ವರ್ಷ ಅಕ್ಕ ಅಂದ ಬಾಯಿ ಇದು.

ನಂಬರ್ ಕೇಳಿದರು. ಕೊಟ್ಟೆ.

7 ಏಪ್ರಿಲ್

ಸರ್ ಮಾತಾಡುವ ಮೊದಲು ನಾನೇ ಅಕ್ಕನಿಗೆ ಫೋನ್ ಮಾಡಿ ಹೇಳಿಬಿಡಬೇಕು ಅಂದುಕೊಂಡೆ. ಮಾಡಲಿಲ್ಲ.

8 ಏಪ್ರಿಲ್

ಮಾಡಲಿಲ್ಲ.

13 ಏಪ್ರಿಲ್, ಭಾನುವಾರ

ಅಶೋಕ್ ಸರ್ ವಾಟ್ಸಾಪ್ ಮಾಡಿದ್ದಾರೆ. ಆ ಹೆಂಗಸು ತಪ್ಪು ಒಪ್ಪಿಕೊಂಡರಂತೆ. ನಿಮ್ಮ ತಪ್ಪೇನಿಲ್ಲ, ಬೇಜಾರು ಮಾಡಿಕೊಳ್ಳಬೇಡಿ, ಆ ಸೀಟು ಮತ್ತೆ ಮಾಡಿಕೊಡಿ, ಇನ್ನೊಂದು ಕಾರೂ ಕಳಿಸುತ್ತೇನೆ ಅಂತ. ಕೊನೆಯಲ್ಲಿ ಒಂದು ಸಾಲು: ಶಾಲೆಗೆ ಬೇರೆಯವರನ್ನು ನೋಡುತ್ತೇವೆ.

ರಮ್ಯಾ ಓದಿದಳು. ಫೋನ್ ವಾಪಸ್ ಕೊಡಲಿಲ್ಲ, ಹಿಡಿದುಕೊಂಡೇ ಕೇಳಿದಳು.

"ಅರಗು ಬ್ಯಾಡ ಅಂತ ಬಡ್ಕೊಂಡ್ರು ಅಂತ ನೀವೇ ಹೇಳಿದ್ರಲ್ಲ. ಮತ್ತೆ ಅವ್ರ್ಯಾಕೆ ಒಪ್ಕೊಂಡ್ರು?"

ಹುಳುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರೆ. ಇಷ್ಟು ದಿನ ಅದು ಬರೀ ಮಾತು ಅಂದುಕೊಂಡಿದ್ದೆ.

15 ಏಪ್ರಿಲ್, ಮಂಗಳವಾರ

ಹೋದೆ. ಅಕ್ಕ ಬಳೆ ಕಡೆಯುತ್ತಿದ್ದರು, ಲೇತ್ ನಿಲ್ಲಿಸಲಿಲ್ಲ. ಆ ಸದ್ದಿನ ಮೇಲೆಯೇ ಎಲ್ಲ ಹೇಳಿದೆ. ನೆರಳಿನ ಸುಳ್ಳು, ರ‍್ಯಾಲಿ, ಫೋನಿನಲ್ಲಿ ಅಂದದ್ದು. ಮುಗಿದ ಮೇಲೆ ಮೋಟರ್ ಆಫ್ ಮಾಡಿದರು.

"ನಾನು ಅಲ್ಲ ಅಂದಿದ್ರೆ ನಿನ್ನ ಮಾತು ಸುಳ್ಳಾಗ್ತಿತ್ತು. ನಿಮ್ಮನೆ ಬಾಗ್ಲಿಗೆ ಇನ್ನೊಂದು ಕಾರು ಬರ್ತಿರ್ಲಿಲ್ಲ. ನಂಗೇನು, ಗೊಂಬೆ ಕೆಲ್ಸ ಐತೆ."

ಶಾಲೆ ಅಂದೆ. ಅದು ಹೋಗಲಿ ಬಿಡು ಅಂದರು. ಗೋಡೆಯ ಪಕ್ಕದಲ್ಲಿ ಸಣ್ಣ ಹಿಡಿಯ ಆರು ಉಳಿ ಸಾಲಾಗಿ ಒರಗಿದ್ದವು. ಹೊಸವು. ಮಕ್ಕಳ ಕೈಯಳತೆಯವು.

ಅಷ್ಟಕ್ಕೇ ಬಿಟ್ಟಿದ್ದರೆ ಅತ್ತು, ಹಗುರಾಗಿ ಬಂದುಬಿಡುತ್ತಿದ್ದೆನೇನೋ. ಬಿಡಲಿಲ್ಲ. ಮಡಿಲಿನ ಮರದ ಹೊಟ್ಟು ಕೊಡವುತ್ತಾ ಹೇಳಿದರು. ಧ್ವನಿ ಏರಲಿಲ್ಲ.

"ಯಾರೋ ಹೆಂಗ್ಸು ಅಂದ್ಯಂತೆ. ಆ ಸಾಹೇಬ್ರು ಹಂಗೇ ಕೇಳಿದ್ರು, ಆ ಹೆಂಗ್ಸು ನೀವೇನಾ ಅಂತ. ಹೂಂ ಅಂದೆ. ಅಕ್ಕ ಅನ್ನದಿದ್ರೂ ಹೋಗ್ಲಿ ಕಣಪ್ಪ. ನಂಗೊಂದು ಹೆಸ್ರು ಐತಲ್ಲ."

ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವರು ಮೋಟರ್ ಆನ್ ಮಾಡಿದರು. ಟೀ ಕುಡಿಯದೆ ಆ ಮನೆಯಿಂದ ಬಂದದ್ದು ಇದೇ ಮೊದಲು.

16 ಏಪ್ರಿಲ್, ಬುಧವಾರ

ಅಶೋಕ್ ಸರ್‌ಗೆ ಮೆಸೇಜ್ ಟೈಪ್ ಮಾಡಿದೆ. ಅಳಿಸಿದೆ. ಐದು ಸಲ. ರಮ್ಯಾ ನೋಡುತ್ತಲೇ ಇದ್ದಳು. ಬಾಯಲ್ಲಿ ಆಡಿದ್ದನ್ನು ಬೆರಳಲ್ಲಿ ತೊಳೆಯೋಕಾಗಲ್ಲ, ಎದ್ದು ಹೋಗಿ ಅಂದಳು. ಆ ಕಾರು ಬರದಿದ್ದರೆ ಏನು ಮಾಡೋದು ಅಂದೆ. "ಬರ್ದಿದ್ರೆ ಹುಳ ಮೇಯ್ಸಾನ. ಹುಳಕ್ಕಾದ್ರೂ ಮಾನ ಐತೆ." ನಗುತ್ತಾಳೆ ಅಂದುಕೊಂಡು ನೋಡಿದೆ. ನಗಲಿಲ್ಲ.

17 ಏಪ್ರಿಲ್, ಗುರುವಾರ, ಬೆಳಗ್ಗೆ 10.20

ಬೆಂಗಳೂರು. ಅಶೋಕ್ ಸರ್ ಮನೆಯ ಎದುರು, ಟೀ ಅಂಗಡಿಯ ಬೆಂಚು. ಪುಸ್ತಕ ತೊಡೆಯ ಮೇಲೆ. ಮುಕ್ಕಾಲು ಗಂಟೆಯಿಂದ ಇಲ್ಲೇ ಇದ್ದೇನೆ. ಗೇಟಿನ ಸಂದಿಯಲ್ಲಿ ಕವರ್ ಹೊದಿಸಿದ ಎರಡನೇ ಕಾರು ಕಾಣುತ್ತಿದೆ, ನನಗೆ ಬರಬೇಕಾದ್ದು. ನಾಚಿಕೆಗೆಟ್ಟ ಕಣ್ಣು ಈಗಲೂ ಅದರ ಮೇಲೇ.

ಏನು ಹೇಳಬೇಕು ಅಂತ ಬರೆದುಕೊಂಡರೆ ತೊದಲುವುದಿಲ್ಲ. ಸಾರ್, ಅರಗು ಬಿಸಿಲಿಗೆ ನಿಲ್ಲುವುದಿಲ್ಲ ಅಂತ ಅವರು ಮೊದಲೇ ಹೇಳಿದ್ದರು. ಕಾರು ನೆರಳಲ್ಲೇ ಇರುತ್ತೆ ಅಂತ ನಾನೇ ಸುಳ್ಳು ಹೇಳಿ ಮಾಡಿಸಿದೆ. ಕೆಲಸ ಕೊಡದಿದ್ದರೂ ಸರಿ, ಶಾಲೆಗೆ ಅವರನ್ನೇ ಕರೆಯಿರಿ...

ಅವರು, ಅವರು, ಅವರು. ಬರೆಯುವಾಗಲೂ ಹೆಸರು ನುಂಗಿದೆ ನೋಡು.

ಗೇಟು ತೆರೆಯಿತು. ಸರ್ ಬಂದರು. ನನ್ನನ್ನು ನೋಡಿಬಿಟ್ಟರು, ಕೈ ಬೀಸುತ್ತಿದ್ದಾರೆ, ನಗುತ್ತಿದ್ದಾರೆ. ಏಳಬೇಕು. ಮೊದಲ ಮಾತು ಹೆಸರೇ. ಸಾರ್, ನೂರ್ಜಹಾನ್ ಅಂತ, ಚನ್ನಪಟ್ಟಣದ ನೂರ್ಜಹಾನ್, ನಮ್ಮ...