ಹೆಬ್ಬೆಟ್ಟು ಒತ್ತಿದ ಗಾಜು

ಪ್ರೀತಿಯ ಅಪ್ಪಾ,

ಆಸ್ಪತ್ರೆಯ ಮಕ್ಕಳ ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಯಾವ ವಿಳಾಸಕ್ಕೆ ಕಳಿಸಬೇಕೋ ಗೊತ್ತಿಲ್ಲ. ನೀನು ಕಾಣೆಯಾಗಿ ಇಷ್ಟು ವರ್ಷವಾದ ಮೇಲೆ ಮತ್ತೆ ಯುದ್ಧ ಬಂದಿದೆ. ಎದುರಿನ ಅಂಗಳದಲ್ಲಿ ಊರು ಬಿಡುವ ಕೊನೆಯ ಬಸ್ಸು ನಿಂತಿದೆ. ಕತ್ತಲಾಗುವ ಮೊದಲು ಹೊರಡುತ್ತದಂತೆ. ನನ್ನ ಚೀಲ ಆಗಲೇ ಸೀಟಿನ ಮೇಲಿದೆ. ಅಮ್ಮ ಹತ್ತುವುದಿಲ್ಲ ಎನ್ನುತ್ತಾಳೆ. ನಾನೇನು ಮಾಡಲಿ ಎಂದು ಕೇಳಲು ನೀನಲ್ಲದೆ ನನಗೆ ಬೇರೆ ಯಾರಿದ್ದಾರೆ?

ನಮ್ಮ ಅಡುಗೆಮನೆಯ ಕಿಟಕಿಗೆ ಇವತ್ತಿಗೂ ಗಾಜಿಲ್ಲ, ಅಪ್ಪಾ. ನೀನು ಗಾಜು ಬಿಚ್ಚಿ ಹೊಡೆದ ಹಲಗೆಯೇ ಇದೆ. ಊರಿನ ಕಿಟಕಿಗಳಿಗೆಲ್ಲ ಗಾಜು ಕೂರಿಸುತ್ತಿದ್ದವನ ಮನೆಯಲ್ಲಿ ಅಮ್ಮ ಹಗಲಲ್ಲೂ ದೀಪ ಹಚ್ಚಿಕೊಂಡು ತರಕಾರಿ ಹೆಚ್ಚುತ್ತಾಳೆ. ಹಿಂದಿನ ಯುದ್ಧ ನಿಂತ ಮೇಲೆ ಚಿಕ್ಕಪ್ಪ ಹೊಸ ಗಾಜು ತಂದಿದ್ದ. ಅಮ್ಮ ಬಾಗಿಲಲ್ಲೇ ತಡೆದಳು. “ತೆಗೆದವರೇ ಬಂದು ಹಾಕ್ತಾರೆ. ನೀನು ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ,” ಎಂದಳು. ಚಿಕ್ಕಪ್ಪ ಊಟ ಮಾಡಿ ಗಾಜನ್ನು ವಾಪಸ್ಸು ಹೊತ್ತುಕೊಂಡು ಹೋದ.

ಆಗ ನಾನು ತುಂಬ ಚಿಕ್ಕವಳು. ಆದರೂ ಕೆಲವು ಸಂಗತಿಗಳು ಕಣ್ಣಿಗೆ ಕಟ್ಟಿದಂತಿವೆ. ಈ ವಾರ್ಡಿನ ಕಿಟಕಿಗಳು ಶೆಲ್ಲಿನ ಸದ್ದಿಗೇ ಪುಡಿಯಾಗುತ್ತಿದ್ದವು. ಕರೆಂಟು ಹೋಗಿತ್ತು. ನೀನು ಹಲಗೆ ತಂದರೆ ದೊಡ್ಡ ನರ್ಸಮ್ಮ ನಿನ್ನ ಮೇಲೆ ಹರಿಹಾಯ್ದಿದ್ದರಂತೆ. “ಹಲಗೆ ಹೊಡೆದ್ರೆ ಗಾಳಿ ನಿಲ್ಲತ್ತೆ, ಬೆಳಕೂ ನಿಲ್ಲತ್ತೆ. ಕೂಸಿನ ಕೈಯಲ್ಲಿ ನರ ಎಲ್ಲಿದೆ ಅಂತ ಸೂಜಿ ಹಿಡ್ಕೊಂಡು ಕತ್ತಲಲ್ಲಿ ತಡಕಲಾ?” ಅಂಗಡಿಯಲ್ಲಿದ್ದ ಗಾಜೆಲ್ಲ ಮುಗಿದಿತ್ತು. ಆ ದಿನ ನೀನು ತಟ್ಟೆಯ ಮುಂದೆ ಕೂತು ಉಣ್ಣದೆ ಬೆರಳಾಡಿಸುತ್ತಿದ್ದೆ. ಅಮ್ಮ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಹೇಳಿದಳು: “ಈ ಕಿಟಕೀದೇ ತೆಗೀರಿ. ಅಡುಗೆ ಮಾಡೋಕೆ ನಂಗೆ ಕಣ್ಣು ಬೇಡ, ಕೈ ಸಾಕು.”

“ಚಳಿ ಬರತ್ತೆ ಕಣೇ.”

“ಬರಲಿ ಬಿಡಿ. ಅದಕ್ಕೂ ಒಂದು ತಟ್ಟೆ ಹಾಕೋಣ.”

ದೊಡ್ಡ ಗಾಜನ್ನು ಒಬ್ಬರೇ ಹೊರುವಂತಿಲ್ಲ. ನೀನು ಮುಂದೆ, ಅಮ್ಮ ಹಿಂದೆ, ನಡುವೆ ಕಂಬಳಿ ಸುತ್ತಿದ ಗಾಜು. ಇಬ್ಬರ ಹೆಜ್ಜೆ ಒಂದೇ ಆಗಿರಬೇಕು, ಇಲ್ಲದಿದ್ದರೆ ಗಾಜು ಜಗ್ಗಿ ಸೀಳುತ್ತದೆ ಎನ್ನುತ್ತಿದ್ದೆ. ಪಕ್ಕದ ಮನೆಯ ಅಜ್ಜಿಯ ಸೆರಗು ಹಿಡಿದು ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಆಕಾಶದಲ್ಲಿ ಶಿಳ್ಳೆಯಂಥ ಸದ್ದು ಬಂದರೆ ಬೀದಿಯವರೆಲ್ಲ ನೆಲಕ್ಕೆ ಬೀಳುತ್ತಿದ್ದರು. ನೀವಿಬ್ಬರು ಮಾತ್ರ ಬೀಳುತ್ತಿರಲಿಲ್ಲ. ಬಿದ್ದರೆ ಗಾಜು ಒಡೆಯುತ್ತದಲ್ಲ. ಗೋಡೆಗೆ ಒರಗಿ, ಗಾಜನ್ನು ನಡುವೆ ನಿಲ್ಲಿಸಿಕೊಂಡು, ಮುಖ ಮುಖ ನೋಡಿಕೊಂಡು ನಿಲ್ಲುತ್ತಿದ್ದಿರಿ. ಅದು ಎಂಥ ಧೈರ್ಯ ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಗೊತ್ತಾಗುತ್ತಿದ್ದುದು ಒಂದೇ: ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ನೋಡುತ್ತಿಲ್ಲ.

ಗಾಜು ಕೂರಿಸಿದ ಮೇಲೆ ಅದು ಕದಲದಂತೆ ಅಂಚಿಗೆ ಪುಟ್ಟಿ ಮೆತ್ತಿ, ಕೆಳಗಿನ ಎಡಮೂಲೆಯ ಹಸಿ ಪುಟ್ಟಿಯಲ್ಲಿ ಹೆಬ್ಬೆರಳನ್ನು ಒಮ್ಮೆ ಒತ್ತುವುದು ನಿನ್ನ ರೂಢಿ. ಆ ಬೆರಳಿಗೆ ಅಡ್ಡಲಾಗಿ ಹಳೆಯ ಗಾಯದ ಗೆರೆ. ಅಮ್ಮ ಛೇಡಿಸುತ್ತಿದ್ದಳು: “ರುಜು ಹಾಕೋಕೆ ಬರಲ್ವಾ? ಹೋದಲ್ಲೆಲ್ಲ ಹೆಬ್ಬೆಟ್ಟು ಒತ್ತಿ ಬರ್ತೀರಲ್ಲ.” ನೀನು ನಕ್ಕು ಅದೇ ಬೆರಳಿನಿಂದ ಅವಳ ಹಣೆ ಮುಟ್ಟುತ್ತಿದ್ದೆ.

ಈ ವಾರ್ಡಿನ ಕೊನೆಯ ಗಾಜಿಗೆ ಪುಟ್ಟಿ ಸಾಲಲಿಲ್ಲ. “ಹಿಡ್ಕೊಂಡಿರು, ಈಗ ಬಂದೆ,” ಎಂದು ನೀನು ಅಂಗಡಿಗೆ ಹೋದೆ. ಅಂಗಡಿಯ ಬೀದಿಗೆ ಶೆಲ್ಲು ಬಿತ್ತು. ಆಮೇಲೆ ಅಲ್ಲಿ ಯಾರನ್ನೂ ಗುರುತಿಸಲು ಆಗಲಿಲ್ಲ. ಅಮ್ಮ ಎರಡೂ ಅಂಗೈಗಳಿಂದ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿದು ಸಂಜೆಯವರೆಗೆ ನಿಂತಿದ್ದಳಂತೆ. ಸುದ್ದಿ ಬಂದ ಮೇಲೂ. ಕಡೆಗೆ ನರ್ಸಮ್ಮ ಮುರಿದ ಮೂಳೆಗೆ ಹಾಕುವ ಪ್ಲಾಸ್ಟರನ್ನೇ ಕಲಸಿ ಅಂಚಿಗೆ ಮೆತ್ತಿ ಅವಳ ಕೈ ಬಿಡಿಸಿದರು. ಅವಳು ಮತ್ತೆ ಈ ವಾರ್ಡಿಗೆ ಕಾಲಿಟ್ಟಿರಲಿಲ್ಲ.

ಇವತ್ತಿನವರೆಗೆ. ನಾನೇ ಕರೆದುಕೊಂಡು ಬಂದೆ.

ಬೆಳಗ್ಗೆಯಿಂದ ಗೋಗರೆದಿದ್ದೆ. “ಅವರು ಬಂದಾಗ ಮನೆಗೆ ಬೀಗ ಹಾಕಿದ್ರೆ ಏನು ಅಂದ್ಕೋತಾರೆ?” ಅಮ್ಮನದು ಇದೊಂದೇ ಮಾತು. ಈ ವಾರದ ಶೆಲ್ಲಿಗೆ ವಾರ್ಡಿನ ಕಿಟಕಿಗಳೆಲ್ಲ ಹೋಗಿ, ನೀನು ಕೂರಿಸಿದ್ದ ಒಂದೇ ಒಂದು ಗಾಜು ಉಳಿದಿದೆ, ಮೂಲೆಯಲ್ಲಿ ನಿನ್ನ ಬೆರಳ ಗುರುತೂ ಇದೆ ಎಂದು ಮುದುಕಿಯಾಗಿರುವ ನರ್ಸಮ್ಮ ನನಗೆ ಹೇಳಿದ್ದರು. ಅಮ್ಮ ಅದನ್ನೊಮ್ಮೆ ಮುಟ್ಟಿದರೆ, ನಿನ್ನದು ಅಂತ ಉಳಿದಿರುವುದು ಇಷ್ಟೇ ಎಂದು ತಿಳಿದು ಅತ್ತು ಹಗುರಾಗಿ ಬಸ್ಸು ಹತ್ತುತ್ತಾಳೆ ಎಂದುಕೊಂಡೆ. ಓದಿದವರ ಲೆಕ್ಕಾಚಾರ.

ಬಣ್ಣದ ಪದರಗಳ ಕೆಳಗೆ ಆ ಗುಳಿ ಸಿಕ್ಕಿತು. ಅಡ್ಡಗೆರೆಯೂ ಇತ್ತು. ಅಮ್ಮ ತನ್ನ ಹೆಬ್ಬೆರಳನ್ನು ಅದರಲ್ಲಿಟ್ಟು, “ರುಜು ಬರದೋರು,” ಎಂದಳು. ಅಳಲಿಲ್ಲ. ಆಮೇಲೆ ತಿರುಗಿ ನೋಡಿದಳು. ಅಲ್ಲಾಡಿಸಲಾಗದ ಮಕ್ಕಳನ್ನು ಇಲ್ಲೇ ಉಳಿಸಿಕೊಂಡಿದ್ದಾರೆ, ಅಪ್ಪಾ. ಮಂಚಗಳನ್ನೆಲ್ಲ ನಿನ್ನ ಗಾಜಿನ ಮುಂದಕ್ಕೆ ಎಳೆದಿದ್ದರು. ಉಳಿದ ಕಿಟಕಿಗಳಿಗೆ ಹಲಗೆ. ನರ್ಸಮ್ಮ ಒಂದು ಕೂಸಿನ ಪುಟ್ಟ ತೋಳನ್ನು ಬೆಳಕಿಗೆ ತಿರುಗಿಸಿ ನರ ಹುಡುಕುತ್ತಿದ್ದರು. ಉಳಿದ ತಾಯಂದಿರು ಬೆಳಕಿಗಾಗಿ ಸರದಿ ಕಾಯುತ್ತಿದ್ದರು.

“ಮನೇಲಿ ಇನ್ನೂ ಎರಡು ಕಿಟಕಿ ಇದೆ,” ಎಂದಳು ಅಮ್ಮ.

ಯಾವ ಮನೆಯನ್ನು ಬಿಟ್ಟು ಬರುವುದಿಲ್ಲ ಎಂದಿದ್ದಳೋ ಆ ಮನೆಯನ್ನು ಬಿಚ್ಚಿ ತರಲು ಹೊರಟುಬಿಟ್ಟಳು. ನಾನು ಅವಳ ಕೈ ಹಿಡಿದೆಳೆದೆ. “ನೀನು ಬಸ್ಸು ಹತ್ತು, ಗುಬ್ಬಿ. ಓದಿದೋಳು, ಎಲ್ಲಾದ್ರೂ ಬದುಕ್ಕೋತೀಯ,” ಎಂದು ಕೈ ಬಿಡಿಸಿಕೊಂಡಳು. ಅವಳ ಬೆನ್ನು ನೋಡುತ್ತ ನಾನು ಅಂದಿನಂತೆಯೇ ಮತ್ತೆ ಬಾಗಿಲಲ್ಲಿ ನಿಂತಿದ್ದೆ.

ನನಗೆ ಭಯವಾಗುತ್ತಿದೆ. ಸಿಟ್ಟೂ ಬರುತ್ತಿದೆ. ಯಾರದೋ ಮಕ್ಕಳ ಬೆಳಕಿಗಾಗಿ ನಿನ್ನನ್ನು ಕಳೆದುಕೊಂಡೆ, ಈಗ ಇವಳನ್ನೂ ಕೊಡಬೇಕೇ? ಬಸ್ಸಿನಲ್ಲಿ ಸ್ಟಾಪು ಬಂತೆಂದು ಗಟ್ಟಿಯಾಗಿ ಹೇಳಲೂ ನನಗೆ ಬಾಯಿ ಬರುವುದಿಲ್ಲ. ನಿಮ್ಮಂಥವರ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ. ತ್ಯಾಗದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಅದರ ಇನ್ನೊಂದು ತುದಿಯನ್ನು ಯಾರು ಹಿಡಿಯಬೇಕು ಎಂದು ಯಾರೂ ಕೇಳಿರಲಿಲ್ಲ.

ಡ್ರೈವರು ಹಾರನ್ ಹೊಡೆಯುತ್ತಿದ್ದಾನೆ.

ಅಪ್ಪಾ, ಗೇಟಿನಲ್ಲಿ ಅಮ್ಮ ಕಾಣಿಸುತ್ತಿದ್ದಾಳೆ. ಕಂಬಳಿ ಸುತ್ತಿದ ಗಾಜನ್ನು ಒಬ್ಬಳೇ ತಬ್ಬಿಕೊಂಡು ಬರುತ್ತಿದ್ದಾಳೆ. ನಾಲ್ಕು ಹೆಜ್ಜೆ ಇಟ್ಟು, ಅದನ್ನು ಪಾದದ ಮೇಲೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾಳೆ. ಈಗ ಮೇಲೆ ಆ ಸದ್ದು. ಬಸ್ಸಿನ ಸುತ್ತ ಇದ್ದವರೆಲ್ಲ ನೆಲಕ್ಕೆ ಬಿದ್ದರು. ಅವಳು ಬೀಳಲಿಲ್ಲ. ಗೋಡೆಗೆ ಒರಗಿ ನಿಂತಿದ್ದಾಳೆ. ಗಾಜಿನ ಆಚೆ ಬದಿಯಲ್ಲಿ, ನೀನು ನಿಲ್ಲುತ್ತಿದ್ದ ಜಾಗದಲ್ಲಿ, ಯಾರೂ ಇಲ್ಲ.

ಚೀಲ ಬಸ್ಸಿನಲ್ಲೇ ಹೋಗಲಿ. ನಾನು ಎದ್ದೆ.

ನನ್ನ ಹೆಜ್ಜೆ ಅವಳ ಹೆಜ್ಜೆಗೆ ಕೂಡುವಂತೆ ಹರಸು. ಎಲ್ಲಿದ್ದರೂ ನಿನ್ನ ಮೇಲೆ ಬೆಳಕಿರಲಿ.

ನಿನ್ನ,
ಗುಬ್ಬಿ