ಲಾಭದ ಜಾಗ

ಮಾನ್ವಿ
18 ಆಗಸ್ಟ್ 2024, ಭಾನುವಾರ

ಪ್ರೀತಿಯ ತಮ್ಮ ಪಂಪಾಪತಿಗೆ,

ಹೇಗಿದ್ದೀಯಪ್ಪಾ? ಕೆಮ್ಮು ನಿಂತಿತೇ? ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಗುತ್ತದೋ, ಇಲ್ಲ ಚಹಾ ಕುಡಿದೇ ದಿನ ತಳ್ಳುತ್ತೀಯೋ? ಮಹಾರಾಷ್ಟ್ರದ ಸುರಂಗದ ಕೆಲಸಕ್ಕೆ ಹೋದ ಹೊಸದರಲ್ಲಿ ಫೋನ್ ಮಾಡುತ್ತಿದ್ದೆ, ಆಮೇಲೆ ನಿನ್ನ ಫೋನೇ ಬಂದ್. ನಿಮ್ಮ ಗುತ್ತಿಗೆದಾರನೂ ಎತ್ತುವುದಿಲ್ಲ. ಅದಕ್ಕೇ ಕ್ಯಾಂಪಿನ ವಿಳಾಸಕ್ಕೆ ಈ ಕಾಗದ. ಯವ್ವ ಆರಾಮ ಇದ್ದಾಳೆ. ನಾನು ಒಂದು ಬೈದರೆ ತಿರುಗಿ ಎರಡು ಬೈಯುವಷ್ಟು ಕಸುವಿದೆ.

ನಮ್ಮ ನಾಟಿಯ ಗುಂಪು ಕಲ್ಲೂರು ಮುಗಿಸಿ ದೇವದುರ್ಗದ ಕಡೆ ಗೂಗಲ್ ಊರಲ್ಲಿ ಭತ್ತ ಹಚ್ಚುತ್ತಿದೆ. ವಾರವೆಲ್ಲ ಅಲ್ಲೇ ಇದ್ದು ಭಾನುವಾರ ಮನೆಗೆ ಬರುತ್ತೇವೆ. ಅಪ್ಪ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದನಲ್ಲ, ನಾನು ಮುಂಜಾನೆ ಗಾಡಿ ಹೊರಡುವ ಮುನ್ನ ಕೂತ ಆಳುಗಳನ್ನು ಎಣಿಸುವುದೂ ಹಾಗೆಯೇ. ಮೊದಲ ಆಳು ನೀನೇ, ನಮ್ಮ ಲಾಭ; ಕೂಗಿದರೆ “ಓ, ಇದೀನ್ಬೇ ಯಕ್ಕಾ” ಎನ್ನುತ್ತಿದ್ದೆ. ನೀನು ಹೋದ ಮೇಲೆ ರಜಿಯಾ ಬೇಗಂಳನ್ನು ನಿನ್ನ ಜಾಗಕ್ಕೆ ತರಬೇಕಿತ್ತು, ತರಲಿಲ್ಲ. ಆಕೆ ‘ಎರಡು’ ಆಗಿಯೇ ಉಳಿದಳು. ನಾನು ದಿನಾ ಖಾಲಿ ಜಾಗಕ್ಕೆ ‘ಲಾಭ’ ಎಂದು ಕೂಗಿ ಮುಂದೆ ಹೋಗುತ್ತಿದ್ದೆ. ನಾಗರ ಪಂಚಮಿಯ ಮರುದಿನ ಆ ಜಾಗ ಓಗೊಟ್ಟಿತು. ನಿನ್ನದೇ ದನಿ. ಎಲ್ಲರಿಗೂ ಕೇಳಿಸಿತು.

ರಜಿಯಾಳ ಬಾಯಿ ಗೊತ್ತಲ್ಲ: “ಕೂಲಿ ಕೇಳಂಗಿಲ್ಲ, ಊಟ ಕೇಳಂಗಿಲ್ಲ, ಇಂಥಾ ಆಳು ಎಲ್ಲಿ ಸಿಗ್ತಾನ ಬಿಡವ್ವಾ ಹಂಪಮ್ಮ!” ಎಲ್ಲರೂ ನಕ್ಕರು, ಆದರೆ ನಿನ್ನ ಜಾಗದ ಪಕ್ಕ ಕೂರಲು ಯಾರೂ ಒಲ್ಲರು. ಯವ್ವನಿಗೆ ಹೇಳಿದೆ. “ಓ ಅಂದ್ನಿಲ್ಲೋ? ಮತ್ತ ನನ್ ಮಗ ಅದಾನ” ಎಂದು ದೀಪ ಹಚ್ಚಿದಳು. ಗಾಡಿ ಹೊಡೆಯುವ ರಾಮಣ್ಣ ಮಾತ್ರ ನನ್ನನ್ನು ಆಚೆ ಕರೆದು, “ಬದುಕಿದ್ದಂವ ಅಷ್ಟು ದೂರದಿಂದ ಇಲ್ಲಿಗೆ ಹೆಂಗ ಓ ಅಂತಾನವ್ವಾ?” ಎಂದ. ನಾನು ಕಣ್ಣಿಗೆ ಕಂಡದ್ದನ್ನೇ ನಂಬುವವಳು, ಇದನ್ನು ಯಾವ ಬಾಬತ್ತಿಗೆ ಹಾಕಲಿ? ದಿನ ಹೋದಂತೆ ಆ ದನಿ ಕುಗ್ಗುತ್ತಿದೆ, ಬಾಯಲ್ಲಿ ಮಣ್ಣು ತುಂಬಿಕೊಂಡವನ ಮಾತಿನ ಹಾಗೆ. ದನಿ ಹೆಂಗಿತ್ತೆಂದು ಯವ್ವ ಕೇಳಿದ್ದಕ್ಕೆ “ಗುಟ್ಕಾ ಹಾಕ್ಕೊಂಡಿರ್ಬೇಕು ಬಿಡಬೇ” ಎಂದುಬಿಟ್ಟೆ. ಗೂಗಲ್‌ನ ಹೊಳೆದಂಡೆಯ ಅಲ್ಲಮಪ್ರಭುವಿನ ಗುಡಿಯಲ್ಲಿ ಕೈಮುಗಿದು ನಿಂತೆ. ಈ ದನಿ ನಿಲ್ಲಿಸಪ್ಪಾ ಎನ್ನಲೋ, ನಿಲ್ಲಿಸಬೇಡ ಎನ್ನಲೋ ತಿಳಿಯದೆ ಹೊಳೆ ನೋಡಿಕೊಂಡು ಬಂದೆ.

ಯವ್ವನ ಆಶೀರ್ವಾದ ಈ ಕಾಗದದೊಳಗಿದೆ. ರಜಿಯಾ ಸಲಾಂ ಹೇಳಿದ್ದಾಳೆ. ಮೈ ಕಡೆ ಲಕ್ಷ್ಯ ಇರಲಿ.

ನಿನ್ನ ಅಕ್ಕ,
ಹಂಪಮ್ಮ

ತಾ.ಕ.: ಸೋಮವಾರ ಮುಂಜಾನೆ. ಈಗಷ್ಟೇ ಎಣಿಸಿದೆ. ‘ಲಾಭ’ ಎಂದೆ, ಯಾರೂ ಓ ಎನ್ನಲಿಲ್ಲ. ಮತ್ತೆ ಕೂಗಿದೆ. ಇವತ್ತು ರಜಿಯಾ ನಗಲಿಲ್ಲ, ತಾನೇ ಎದ್ದು ನಿನ್ನ ಜಾಗಕ್ಕೆ ಬರಲು ಹೋದಳು; ಕೈ ಹಿಡಿದು ಆಕೆಯ ಜಾಗದಲ್ಲೇ ಕೂರಿಸಿದೆ. ರಾಮಣ್ಣ ಹಾರ್ನ್ ಹೊಡೆಯುತ್ತಿದ್ದಾನೆ, ಗಾಡಿ ಬಿಡಲು ನಾನು ಹೂಂ ಎಂದಿಲ್ಲ. ಎಲ್ಲಿಂದಾದರೂ ಸರಿ, ತಮ್ಮಾ, ಒಂದು ಸಲ ಓ ಅನ್ನು.